ಊಟ ಬಿಟ್ಟ ದಿನ ನೋವಿನ ಮಾತ್ರೆ ಬೇಡ

ಇಲ್ಲಿ ಅಮೆರಿಕದಲ್ಲಿ ನಾಯಿಗೋ ಬೆಕ್ಕಿಗೋ ಉರಿಯೂತ ಇಳಿಸುವ ನೋವಿನ ಮಾತ್ರೆ ಬೇಕೆಂದರೆ ವೆಟ್ (ಪಶುವೈದ್ಯರು) ಚೀಟಿ ಬರೆಯಲೇಬೇಕು. ಪ್ರಾಣಿಯನ್ನು ಪರೀಕ್ಷಿಸದೆ ಅವರು ಬರೆಯುವುದಿಲ್ಲ. ಹೊಸದಾಗಿ ಬಂದವರಿಗೆ ಇದು ರಗಳೆ ಅನ್ನಿಸುತ್ತದೆ, ಊರಿಂದ ಸೂಟ್‌ಕೇಸಿನಲ್ಲಿ ತಂದ ಮಾತ್ರೆಗಳ ಕಡೆ ಕೈ ಹೋಗುತ್ತದೆ. ಅನಾಹುತ ಶುರುವಾಗುವುದು ಅಲ್ಲೇ.

ಉರಿಯೂತ ಇಳಿಸುವ ಗುಂಪಿನ ನಮ್ಮ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಯಾವುದನ್ನೂ ಕೊಡಬೇಡಿ, ಕಾಲು ಮಾತ್ರೆಯನ್ನೂ ಕೊಡಬೇಡಿ. ನಾಯಿಯ ಮೈಯಿಂದ ನ್ಯಾಪ್ರೊಕ್ಸೆನ್ ಅರ್ಧದಷ್ಟು ಇಳಿಯಲಿಕ್ಕೇ ಸುಮಾರು 3 ದಿನ ಬೇಕು. ದಿನಕ್ಕೊಂದರಂತೆ ಕೊಟ್ಟರೆ ಅದು ಒಳಗೇ ಜಮೆಯಾಗುತ್ತಾ ಹೋಗುತ್ತದೆ. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲದಿದ್ದರೂ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಅದೇ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ರಕ್ತ ಆಮ್ಲಜನಕ ಹೊರಲಾರದಂತಾಗುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು.

ನೀವು ಹಚ್ಚಿಕೊಳ್ಳುವ ಮುಲಾಮು, ಜೆಲ್ ಬಗ್ಗೆಯೂ ಎಚ್ಚರ ಬೇಕು. ಮನೆಯವರು ಇದೇ ಗುಂಪಿನ ಫ್ಲರ್ಬಿಪ್ರೊಫೆನ್ ಕ್ರೀಮ್ ಹಚ್ಚಿಕೊಳ್ಳುತ್ತಿದ್ದ ಕಡೆ ಬೆಕ್ಕುಗಳು ಸತ್ತ ಮೇಲೆ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆ ಹೊರಡಿಸಿತು. ಹಚ್ಚಿದ ಮೇಲೆ ಕೈ ತೊಳೆಯಿರಿ, ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ.

ಉರಿಯೂತ ಇಳಿಸುವ ಈ ಔಷಧಗಳು ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಹುಟ್ಟದಂತೆ ತಡೆದು ನೋವು ಇಳಿಸುತ್ತವೆ. ಆದರೆ ಜಠರದ ಒಳಪದರವನ್ನು ಕಾಯುವುದೂ ಅದೇ, ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಹಾಗಾಗಿ ಚೆನ್ನಾಗಿ ತಿಂದು ನೀರು ಕುಡಿಯುತ್ತಿರುವ ನಾಯಿಗೆ ಒಗ್ಗುವ ಡೋಸೇ ವಾಂತಿ ಮಾಡುತ್ತಿರುವ ನಾಯಿಗೆ ವಿಷವಾಗಬಹುದು.

ಇನ್ನು ಅಳತೆ. ನಾವು ಅತಿ ಹೆಚ್ಚು ಗಾಬರಿಪಡುವುದು ಇದರ ಬಗ್ಗೆಯೇ. ಇಲ್ಲಿ ತೂಕ ನೋಡುವುದು ಪೌಂಡಿನಲ್ಲಿ, ಡೋಸ್ ಲೆಕ್ಕ ಹಾಕುವುದು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು. 66 ಪೌಂಡಿನ ನಾಯಿ ಎಂದರೆ 30 ಕಿಲೋ. ನಾಯಿಗೆ ವೆಟ್ ಬರೆಯುವ ಈ ಗುಂಪಿನ ಔಷಧ ಮೆಲಾಕ್ಸಿಕಾಂ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ. ಅಂದರೆ ಎರಡನೇ ದಿನದಿಂದ 3 ಮಿ.ಗ್ರಾಂ. ಒಂದು ಮಿ.ಲೀ.ಗೆ 1.5 ಮಿ.ಗ್ರಾಂ ಇರುವ ದ್ರವ ಔಷಧವಾದರೆ 2 ಮಿ.ಲೀ. ಸಾಕು. ಅದೇ 66ನ್ನು ಕಿಲೋ ಎಂದುಕೊಂಡರೆ 4.4 ಮಿ.ಲೀ. ಹೊಟ್ಟೆಗೆ ಹೋಗುತ್ತದೆ, ಅದೂ ದಿನದಿನವೂ. ಕೆಲವು ಬಾಟಲಿಗಳ ಜೊತೆ ಬರುವ ಸಿರಿಂಜಿನ ಮೇಲೆ ಮಿ.ಲೀ. ಇರುವುದೇ ಇಲ್ಲ, ನಾಯಿಯ ತೂಕದ ಗೆರೆಗಳಿರುತ್ತವೆ. ಇಲ್ಲಿ ಅವು ಪೌಂಡಿನಲ್ಲಿ, ಬೇರೆ ದೇಶಗಳಲ್ಲಿ ಕಿಲೋದಲ್ಲಿ. ಒಂದು ಬಾಟಲಿಯ ಸಿರಿಂಜನ್ನು ಇನ್ನೊಂದಕ್ಕೆ ಬಳಸಬೇಡಿ. ಕೊಡುವ ಮುಂಚೆ ಬಾಟಲಿ ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿದು ಕೊನೆಕೊನೆಯ ಡೋಸ್‌ಗಳಲ್ಲಿ ಅದು ಹೆಚ್ಚಾಗಿ ಸೇರುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಕೊಡುವಂತಿಲ್ಲ.

ನಾಯಿಯ ಬಾಟಲಿಯಿಂದ ಬೆಕ್ಕಿಗೆ ಕೊಡಲೇಬೇಡಿ. ಬೆಕ್ಕಿಗೆ ಮೆಲಾಕ್ಸಿಕಾಂ ಪದೇಪದೇ ಕೊಟ್ಟರೆ ಕಿಡ್ನಿ ವಿಫಲವಾಗಿ ಸಾಯಬಹುದು ಎಂದು 2010ರಿಂದ ಅಮೆರಿಕದ ಲೇಬಲ್ಲಿನಲ್ಲೇ ಚೌಕ ಹಾಕಿ ಅಚ್ಚು ಮಾಡುತ್ತಾರೆ. ಇಲ್ಲಿ ಬೆಕ್ಕಿಗೆ ಒಪ್ಪಿಗೆ ಇರುವ ಮಾತ್ರೆ ರೊಬೆನಾಕಾಕ್ಸಿಬ್. ಅದು ಶಸ್ತ್ರಚಿಕಿತ್ಸೆಯ ನೋವಿಗೆ, ದಿನಕ್ಕೊಮ್ಮೆ, ಹೆಚ್ಚೆಂದರೆ 3 ದಿನ. ಯುರೋಪಿನಲ್ಲಿ ಬೆಕ್ಕಿಗೆಂದೇ ಮಾಡಿದ, ಮಿ.ಲೀ.ಗೆ 0.5 ಮಿ.ಗ್ರಾಂನ ಮೆಲಾಕ್ಸಿಕಾಂ ದೀರ್ಘಕಾಲದ ಬಳಕೆಗೆ ಸಿಗುತ್ತದೆ. ಒಂದು ದೇಶದವರ ಸಲಹೆಯನ್ನು ಇನ್ನೊಂದು ದೇಶದ ಬಾಟಲಿಗೆ ಹೊಂದಿಸುವುದು ಅಪಾಯ ಎನ್ನುವುದು ಅದಕ್ಕೇ.

ಈ ಗುಂಪಿನ ಎರಡು ಔಷಧ ಒಟ್ಟಿಗೆ ಬೇಡ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಜೊತೆಯಂತೂ ಬೇಡವೇ ಬೇಡ, ಜಠರ ತೂತಾಗುವ ಅಪಾಯವಿದೆ. ಇದೇ ಗುಂಪಿನ ಕಾರ್ಪ್ರೊಫೆನ್ ಬಿಟ್ಟು ಮೆಲಾಕ್ಸಿಕಾಂ ಶುರುಮಾಡುವಾಗ ಸಾಮಾನ್ಯವಾಗಿ 5ರಿಂದ 7 ದಿನ ಬಿಡುವು ಕೊಡಿಸುತ್ತಾರೆ, ಆಸ್ಪಿರಿನ್ ಕೊಟ್ಟಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಮನೆಯಲ್ಲಿ ಏನಾದರೂ ಕೊಟ್ಟಿದ್ದರೆ ಸಂಕೋಚಪಡದೆ ವೆಟ್‌ಗೆ ಹೇಳಿಬಿಡಿ. ಹೃದಯದ, ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ.

ದೀರ್ಘಕಾಲ ಕೊಡುವುದಾದರೆ ಶುರುಮಾಡುವ ಮುಂಚೆಯೇ ಲಿವರ್ ಮತ್ತು ಕಿಡ್ನಿಗಾಗಿ ರಕ್ತಪರೀಕ್ಷೆ, ಮೂತ್ರಪರೀಕ್ಷೆ ಆಗಲಿ. ಕೆಲವು ವಾರಗಳ ನಂತರ ಮತ್ತೊಮ್ಮೆ, ಆಮೇಲೆ ವೆಟ್ ಹೇಳಿದಂತೆ. ಕಾರ್ಪ್ರೊಫೆನ್‌ನಿಂದ ಅಪರೂಪಕ್ಕೆ ಲಿವರ್ ಕೆಡುವುದುಂಟು, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ. ಸರಿಯಾದ ಡೋಸ್ ಕೊಟ್ಟರೂ ಆಗಬಹುದು. ಖರ್ಚೆಂದು ಎರಡನೇ ಪರೀಕ್ಷೆ ಬಿಡುವವರುಂಟು, ಆದರೆ ಔಷಧ ಒಗ್ಗಿದೆಯೋ ಇಲ್ಲವೋ ಗೊತ್ತಾಗುವುದು ಅದರಿಂದಲೇ.

ಮಾತ್ರೆಯನ್ನು ಊಟದ ಜೊತೆ ಕೊಡಿ, ಅಥವಾ ಊಟವಾದ ಕೂಡಲೆ. ತಟ್ಟೆ ಖಾಲಿಯಾಯಿತೇ ಎಂದು ಆಗ ಕಣ್ಣಿಗೆ ಬೀಳುತ್ತದೆ. ಊಟ ಬಿಟ್ಟರೆ, ವಾಂತಿ ಭೇದಿಯಾದರೆ, ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ, ಕಣ್ಣಿನ ಬಿಳಿ ಅಥವಾ ವಸಡು ಹಳದಿಯಾದರೆ, ನೀರು ಕುಡಿಯುವುದು, ಮೂತ್ರ ಮಾಡುವುದು ಏಕಾಏಕಿ ಹೆಚ್ಚಾದರೆ ಮುಂದಿನ ಡೋಸ್ ಕೊಡಬೇಡಿ, ವೆಟ್‌ಗೆ ಫೋನ್ ಮಾಡಿ. ಸ್ಟೀರಾಯ್ಡಿನಂತೆ ಇದನ್ನು ಹಂತಹಂತವಾಗಿ ಇಳಿಸಬೇಕಾಗಿಲ್ಲ, ಒಮ್ಮೆಲೇ ನಿಲ್ಲಿಸಬಹುದು.

ನಾಯಿಗಳ ಮಾತ್ರೆಗೆ ಮಾಂಸದ ರುಚಿ ಬೆರೆಸಿರುತ್ತಾರೆ. ಮಕ್ಕಳು ತೆಗೆಯಲಾರದ ಮುಚ್ಚಳವನ್ನು ನಾಯಿ ತೆಗೆಯುವುದಿಲ್ಲ, ಡಬ್ಬಿಯನ್ನೇ ಕಚ್ಚಿ ಒಡೆಯುತ್ತದೆ. ಬೀರುವಿನೊಳಗೆ ಎತ್ತರದಲ್ಲಿಡಿ. ತಿಂದೇಬಿಟ್ಟರೆ ಲಕ್ಷಣ ಕಾಣಲೆಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ವಿಷವಾದೀತು. ಉಳಿದ ಮಾತ್ರೆ ಎಣಿಸಿ, ಡಬ್ಬಿ ಕೈಯಲ್ಲಿ ಹಿಡಿದೇ ತುರ್ತು ಆಸ್ಪತ್ರೆಗೆ ಫೋನ್ ಮಾಡಿ. ಅಮೆರಿಕದಲ್ಲಾದರೆ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ಶುಲ್ಕ ಬೀಳಬಹುದು. ಅವರು ಮೊದಲು ಕೇಳುವುದು ಔಷಧದ ಹೆಸರು, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ, ಎಷ್ಟು ಮಾತ್ರೆ, ತಿಂದು ಎಷ್ಟು ಹೊತ್ತಾಯಿತು, ಪ್ರಾಣಿಯ ತೂಕವೆಷ್ಟು ಎಂದು.