ಖಣದ ಕೌದಿ: 148 ಚೌಕಗಳಿಂದ ಯಾವ ಆಯತ?

ಧಾರವಾಡದ ನಮ್ಮ ಮನೆಯಲ್ಲಿ ಅತ್ತೆಯವರು ಕೂಡಿಟ್ಟಿದ್ದ ಗುಳೇದಗುಡ್ಡ ಖಣಗಳಿಂದ, ಅಂದರೆ ಕುಪ್ಪಸದ ಬಟ್ಟೆಗಳಿಂದ, ಕೌದಿ ಹೊಲಿಯುವ ಕೆಲಸದಲ್ಲಿ ಕತ್ತರಿಸುವ ಹಂತ ಮುಗಿದಿದೆ. ಪ್ರತಿ ತುಂಡೂ 7 ಇಂಚಿನ ಚೌಕ. ನಾಲ್ಕೂ ಬದಿಯಲ್ಲಿ ಅರ್ಧ ಇಂಚು ಹೊಲಿಗೆಯೊಳಗೆ ಹೋಗುವುದರಿಂದ ಕೂಡಿಸಿದ ಮೇಲೆ 6 ಇಂಚು ಉಳಿಯುತ್ತದೆ. ಒಟ್ಟು 148 ಚೌಕಗಳು ದೊರೆತಿವೆ.

ಅಂದರೆ ಕೌದಿಯ ಕ್ಷೇತ್ರಫಲ 5328 ಚದರ ಇಂಚು. ಕ್ಷೇತ್ರಫಲವೊಂದನ್ನೇ ಹಿಡಿದು ಹೊರಟರೆ ಆಯತಗಳಿಗೆ ಕೊನೆಯೇ ಇಲ್ಲ: ಅಗಲ 60 ಇಂಚು ಇಟ್ಟುಕೊಂಡರೆ ಉದ್ದ 88.8 ಇಂಚು ಬರುತ್ತದೆ, ಆದರೆ ಆ ಉದ್ದದಲ್ಲಿ 6 ಇಂಚಿನ ಚೌಕಗಳು ಇಡಿಯಾಗಿ ಕೂಡುವುದಿಲ್ಲ. ಚೌಕವನ್ನು ಒಡೆಯಬಾರದೆಂದರೆ ಅಗಲದ ಎಣಿಕೆ ಮತ್ತು ಉದ್ದದ ಎಣಿಕೆ ಎರಡೂ 148ನ್ನು ಶೇಷವಿಲ್ಲದೆ ಭಾಗಿಸಬೇಕು. ಜೋಡಿಯ ಚಿಕ್ಕ ಸಂಖ್ಯೆ ವರ್ಗಮೂಲವನ್ನು ದಾಟುವುದಿಲ್ಲ. 13ರ ವರ್ಗ 169 ಆಗುವುದರಿಂದ 1ರಿಂದ 12ರವರೆಗೆ ಭಾಗಿಸಿ ನೋಡಿದರೆ ಸಾಕು. ಸಿಕ್ಕ ಜೋಡಿಗಳು ಮೂರೇ: 1×148, 2×74, 4×37. ಕೊನೆಯದೂ 2 ಅಡಿ ಅಗಲ, ಹದಿನೆಂಟೂವರೆ ಅಡಿ ಉದ್ದದ ಪಟ್ಟಿಯಾಗುತ್ತದೆಯೇ ಹೊರತು ಹೊದಿಕೆಯಾಗುವುದಿಲ್ಲ.

ಹಾಗಾಗಿ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿದೆ. 149 ಅವಿಭಾಜ್ಯ. 147ಕ್ಕೆ 7×21 ಇದ್ದರೂ ಅಗಲ ಸಾಲದು. 144ಕ್ಕೆ 12×12, 9×16 ಎರಡೂ ಚೆಂದವೇ, ಆದರೆ ನಾಲ್ಕು ಖಣದ ತುಂಡುಗಳನ್ನು ಕೈಬಿಡಲು ನನಗೆ ಮನಸ್ಸಿಲ್ಲ. 150ಕ್ಕೆ 10×15 ಬರುತ್ತದೆ: 5 ಅಡಿ ಅಗಲ, ಏಳೂವರೆ ಅಡಿ ಉದ್ದ, ಒಬ್ಬರು ಕಾಲು ಚಾಚಿ ಮಲಗಲು ತಕ್ಕ ಅಳತೆ. ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಎರಡು ಕೆಂಪು ಚೌಕಗಳನ್ನು ಕತ್ತರಿಸಿ ಸೇರಿಸಿದ್ದೇನೆ.

ಅಂಚಿಗೆ ಅದೇ ಸೀರೆಯ ದಡಿಯನ್ನು ಹಚ್ಚಬೇಕು. ಒಂಬತ್ತು ಗಜದ ಸೀರೆಯ ಒಂದು ಬದಿಯ ದಡಿ 324 ಇಂಚು, ಈ ಆಯತದ ಸುತ್ತಳತೆ 300 ಇಂಚು. ಮೂಲೆಗಳಲ್ಲಿ ಮಡಿಚಲು 24 ಇಂಚು ಉಳಿಯುತ್ತದೆ. ಇದೇ 150 ಚೌಕಗಳನ್ನು 6×25 ಆಗಿ ಜೋಡಿಸಿದ್ದರೆ ಸುತ್ತಳತೆ 372 ಇಂಚಾಗಿ ದಡಿ ಸಾಲುತ್ತಿರಲಿಲ್ಲ. ಕ್ಷೇತ್ರಫಲ ಬದಲಾಗದಿದ್ದರೂ ಆಯತ ನೀಳವಾದಷ್ಟೂ ಅಂಚು ಬೆಳೆಯುತ್ತದೆ.

ದಾರದ ಲೆಕ್ಕ ಬೇರೆ. ಅಂಚಿನಿಂದ ಒಳಕ್ಕೆ ಒಂದೊಂದು ಇಂಚಿಗೆ ಒಂದು ಸುತ್ತಿನಂತೆ ಸಾದಾ ಓಟದ ಹೊಲಿಗೆ ಹಾಕುತ್ತಾ ಹೋದರೆ ಪ್ರತಿ ಸುತ್ತು ಹಿಂದಿನದಕ್ಕಿಂತ 8 ಇಂಚು ಕಡಿಮೆಯಾಗಿ, 30 ಸುತ್ತುಗಳಿಗೆ 5520 ಇಂಚು, ಅಂದರೆ 460 ಅಡಿ ಹೊಲಿಗೆ ಬೀಳುತ್ತದೆ. ನಡುವೆ 30 ಇಂಚಿನ ಒಂದು ಗೆರೆ ಉಳಿಯುತ್ತದೆ. ಸದ್ಯಕ್ಕೆ ಹದಿನೈದು ಸಾಲುಗಳಲ್ಲಿ ಆರನ್ನು ಕೂಡಿಸಿಯಾಗಿದೆ. ಉಳಿದವು ಮುಗಿದ ಮೇಲೆ ಒಳಗೆ ಹಳೆಯ ಧೋತರಗಳನ್ನು ಹಾಸಿ ದಡಿಯನ್ನು ಹಚ್ಚಲಿದ್ದೇನೆ.