ಹೊಸೆದ ಜೋಡಿ ತಂತಿಗಳು

ಇಂದು ಮಧ್ಯಾಹ್ನ ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಹಳೆಯ ಕೇಬಲ್‌ಗಳನ್ನು ಬಿಡಿಸುತ್ತ ಕುಳಿತೆ. ಮಾನಿಟರಿನ 15 ಪಿನ್ನುಗಳ ವಿಜಿಎ, ಪ್ರಿಂಟರಿನ ಚೌಕಾಕಾರದ ಯುಎಸ್‌ಬಿ ಎಲ್ಲವೂ ಬದಿಗೆ ಸರಿದವು. ಕೈ ನಿಂತದ್ದು ಕಂಪ್ಯೂಟರನ್ನು ರೂಟರಿಗೆ ಜೋಡಿಸುವ ಈಥರ್ನೆಟ್ ಕೇಬಲಿನ ಮೇಲೆ. ಕಳೆದ ವಾರ ಮನೆಯ ಜಾಲದ ವೇಗ ಸೆಕೆಂಡಿಗೆ 1000 ಮೆಗಾಬಿಟ್‌ನಿಂದ 100ಕ್ಕೆ ಕುಸಿದಾಗ ಎರಡು ದಿನ ರೂಟರನ್ನೇ ಶಂಕಿಸಿದ್ದೆ. ದೋಷವಿದ್ದದ್ದು ಈ ಕೇಬಲಿನ ತುದಿಯಲ್ಲಿ ತುಂಡಾಗಿದ್ದ ನೀಲಿ ತಂತಿಯಲ್ಲಿ. 100 ಮೆಗಾಬಿಟ್‌ಗೆ ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳೆರಡೇ ಸಾಕು, ಗಿಗಾಬಿಟ್‌ಗೆ, ಅಂದರೆ 1000 ಮೆಗಾಬಿಟ್‌ಗೆ, ನಾಲ್ಕೂ ಬೇಕು.

ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಕೂರಿಸುವಾಗ (ಎಲ್ಲರೂ ಆರ್‌ಜೆ45 ಎನ್ನುವ ಇದರ ಸರಿಯಾದ ಹೆಸರು 8ಪಿ8ಸಿ), ಒಂದೊಂದು ಜೋಡಿಯೂ ದೀಪದ ಬತ್ತಿಯಂತೆ ಹೊಸೆದುಕೊಂಡಿರುವುದನ್ನು ನೋಡಿ ಮನಸ್ಸು ತುಂಬಿತು. ಹೊರಗಿನ ವಿದ್ಯುತ್ ಗದ್ದಲವು ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬಿದ್ದು, ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವ ಇನ್ನೊಂದು ತುದಿಯಲ್ಲಿ ಅಳಿದುಹೋಗಲೆಂದು ಮಾಡಿದ ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ, ದೂರವಾಣಿ ತಂತಿಗಳಿಗಾಗಿ, ಪೇಟೆಂಟ್ ಪಡೆದಿದ್ದರು. ನಾನು ಮಗಳೊಂದಿಗೆ ವೀಡಿಯೊ ಕರೆಯಲ್ಲಿ ಮಾತನಾಡುವುದು ಇಂದಿಗೂ ಅದೇ ಹೊಸೆತದ ಮೂಲಕ. ಜೋಡಿಗಳು ಒಂದರ ಮಾತನ್ನು ಇನ್ನೊಂದು ಕದ್ದು ಕೇಳದಿರಲೆಂದು ಪ್ರತಿಯೊಂದರ ಹೊಸೆತದ ಬಿಗಿಯೂ ಬೇರೆಬೇರೆ. ಆದ್ದರಿಂದಲೇ ಕನೆಕ್ಟರಿನ ಬಳಿ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದಂತೆ ಈ ಸಲ ಎಚ್ಚರದಿಂದ ಕೂರಿಸಿದೆ, ವೇಗವೂ ಮರಳಿತು.