ಮೊದಲು ಯಾವ ಕೆರೆ ಅಂತ ಕೇಳುತ್ತೇನೆ

ತುಮಕೂರು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಗಾಳದ ಸಾಮಾನಿನ ಅಂಗಡಿ. ಅದರ ಕೌಂಟರ್ ಹಿಂದೆ ನಿಂತು ನನಗೆ ಎಂಟು ವರ್ಷ ಆಯಿತು. ರಾಡು, ರೀಲು, ಗಾಳ, ಬೆಂಡು, ಸೀಸದ ಗುಂಡು, ಎಲ್ಲಾ ಮಾರುತ್ತೇವೆ. ಇವುಗಳಲ್ಲಿ ನನಗೆ ಪಾಠ ಕಲಿಸಿದ್ದು ದಾರ. ರಾಡಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ದಾರವನ್ನು ಎರಡು ನಿಮಿಷದಲ್ಲಿ ತಗೊಂಡು ಹೋಗುತ್ತಾರೆ. ಕೇಳುವ ಪ್ರಶ್ನೆಯೂ ಒಂದೇ, "ಎಷ್ಟು ಕೆಜಿ ತಡೆಯುತ್ತೆ?" ಮೊದಲ ಮೂರು ವರ್ಷ ನಾನು ಪ್ಯಾಕೆಟ್ ತಿರುಗಿಸಿ ಅಲ್ಲಿದ್ದ ಸಂಖ್ಯೆ ಓದಿ ಹೇಳುತ್ತಿದ್ದೆ.

ಗುಬ್ಬಿ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಊರ ಕೆರೆಯಲ್ಲಿ ದೊಡ್ಡ ಕೊರಮೀನು ಕಾಣಿಸಿಕೊಂಡಿತ್ತು. ಕೆರೆ ಗುತ್ತಿಗೆ ಹಿಡಿದವರ ಹತ್ತಿರ ಮಾತಾಡಿ, ಗಾಳ ಹಾಕಲು ಒಪ್ಪಿಗೆಯನ್ನೂ ತಗೊಂಡಿದ್ದರು. "ನಾಲ್ಕು ಕೆಜಿಗೆ ಕಮ್ಮಿ ಇಲ್ಲ ಕಣಪ್ಪ, ಒಳ್ಳೆ ದಾರ ಕೊಡು" ಅಂದರು. ನಾನು 30 ಪೌಂಡಿನ ನೈಲಾನ್ ದಾರ ಕೊಟ್ಟೆ. 30 ಪೌಂಡ್ ಅಂದರೆ ಹದಿಮೂರೂವರೆ ಕೆಜಿ. ನಾಲ್ಕು ಕೆಜಿ ಮೀನಿಗೆ ಧಾರಾಳವಾಯಿತು ಅಂದುಕೊಂಡೆ.

ಮುಂದಿನ ವಾರ ಮೇಷ್ಟ್ರು ಬಂದು, ಜೇಬಿನಿಂದ ಒಂದು ಗೇಣು ದಾರ ತೆಗೆದು ಕೌಂಟರ್ ಮೇಲೆ ಇಟ್ಟರು. ಬೈಯಲಿಲ್ಲ. "ನೋಡು, ಹಿಂಗಾಯ್ತು" ಅಂದರಷ್ಟೆ. ಮೀನು ಕಚ್ಚಿದೆ, ಎರಡು ಸಲ ತಿರುಗಿದೆ, ಆಮೇಲೆ ದಾರ ಕಿತ್ತುಕೊಂಡು ಹೋಗಿದೆ. ಅದರ ಬಾಯಲ್ಲಿ ಗಾಳ ಉಳಿಯಿತಲ್ಲ ಅನ್ನುವುದೇ ಅವರಿಗೆ ಜಾಸ್ತಿ ನೋವು. ಆ ನೋವಿನಲ್ಲಿ ನನ್ನ ಪಾಲೂ ಇತ್ತು.

ಆ ತುಂಡನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ತುದಿಯಿಂದ ನಾಲ್ಕು ಬೆರಳಿನಷ್ಟು ಉದ್ದಕ್ಕೆ ದಾರ ಹಾಲಿನ ಹಾಗೆ ಬೆಳ್ಳಗಾಗಿತ್ತು. ಉಗುರು ಎಳೆದರೆ ಗರಗರ ಅನ್ನುತ್ತಿತ್ತು. ಅದಕ್ಕಿಂತ ಮೇಲೆ ನುಣ್ಣಗೆ, ಹೊಸದರ ಹಾಗೇ ಇತ್ತು. ಮೀನಿನ ಭಾರದಿಂದ ದಾರ ಹರಿದಿರಲಿಲ್ಲ. ದಾರ ಯಾವುದಕ್ಕೋ ಉಜ್ಜಿ ಸವೆದಿತ್ತು.

ಆವತ್ತಿನಿಂದ ಯಾರು ಮೀನು ಕಳೆದುಕೊಂಡು ಬಂದರೂ ದಾರದ ತುದಿ ತಂದು ತೋರಿಸಿ ಅನ್ನುತ್ತೇನೆ. ತುದಿ ಎಲ್ಲಾ ಹೇಳುತ್ತದೆ. ನೈಲಾನ್ ತುದಿ ಹಂದಿ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿದೆ ಅಂತ ಅರ್ಥ. ಬ್ಲೇಡಿನಲ್ಲಿ ಕೊಯ್ದ ಹಾಗೆ ಇದ್ದರೆ ಹಲ್ಲೋ ಚೂಪು ಕಲ್ಲೋ ತಾಗಿದೆ. ಬೆಳ್ಳಗೆ ಒರಟಾಗಿದ್ದರೆ ಉಜ್ಜಿದೆ.

ಉಜ್ಜಿದ್ದು ಯಾವುದಕ್ಕೆ ಅಂತ ಮೇಷ್ಟ್ರನ್ನು ಕೇಳಿದಾಗ ವಿಷಯ ಗೊತ್ತಾಯಿತು. ನಮ್ಮ ಕಡೆ ಎಷ್ಟೋ ಕೆರೆಗಳು ವರ್ಷಗಟ್ಟಲೆ ಒಣಗಿ, ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಮಳೆಯೋ ಹೇಮಾವತಿ ನೀರೋ ಬಂದು ಕೆರೆ ತುಂಬಿದಾಗ ಆ ಜಾಲಿಯೆಲ್ಲ ನಿಂತ ಹಾಗೇ ಮುಳುಗುತ್ತದೆ. ಮೇಲಿನಿಂದ ನೋಡಿದರೆ ಬರೀ ನೀರು, ಕೆಳಗೆ ಮುಳ್ಳಿನ ಕಾಡು. ಕೊರಮೀನು ಕಾದು ಕೂರುವುದೇ ಅಲ್ಲಿ, ಇಲ್ಲವೇ ಜೊಂಡಿನ ಬುಡದಲ್ಲಿ, ತಾವರೆ ಎಲೆ ಕೆಳಗೆ. ಗಾಳ ಬಾಯಿಗೆ ಸಿಕ್ಕಿಕೊಂಡ ಕೂಡಲೇ ಅದು ತನ್ನ ಜಾಗಕ್ಕೆ ನುಗ್ಗುತ್ತದೆ. ಆ ಮೊದಲ ಒಂದು ಮಾರಿನಲ್ಲಿ ತಡೆದರೆ ಮೀನು ನಮ್ಮದು.

ನೈಲಾನಿನಲ್ಲಿ ಅಲ್ಲಿ ತಡೆಯುವುದು ಕಷ್ಟ. ನೈಲಾನ್ ಹಿಗ್ಗುತ್ತದೆ. ಹರಿಯುವ ಹೊತ್ತಿಗೆ 20ರಿಂದ 30% ಉದ್ದ ಆಗಿರುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ಮೀನು ಇದ್ದು, ದಾರ 10% ಹಿಗ್ಗಿತು ಅಂದರೂ ಎರಡು ಮೀಟರ್ ಆಯಿತು. ಅಷ್ಟರಲ್ಲಿ ಮೀನು ಜಾಲಿ ಒಳಗೆ ಸೇರಿರುತ್ತದೆ. ಇನ್ನೂ ಒಂದು ವಿಷಯ. ನೈಲಾನ್ ನೀರು ಹೀರುತ್ತದೆ, ಒದ್ದೆಯಾದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಗಂಟು ಹಾಕಿದ ಕಡೆ ಇನ್ನೂ ಕಳೆದುಕೊಳ್ಳುತ್ತದೆ. ಪ್ಯಾಕೆಟ್ ಮೇಲಿನ ಹದಿಮೂರೂವರೆ ಕೆಜಿ ನೀರಿನಲ್ಲಿ ಅಷ್ಟೇ ಇರುವುದಿಲ್ಲ.

ಜೊಂಡು, ತಾವರೆ ಇರುವ ಕೆರೆಗೆ ಬೇಕಾದ್ದು ಬ್ರೇಡ್, ಅಂದರೆ ಹೆಣೆದ ದಾರ. ಪಾಲಿಎಥಿಲೀನಿನ ಕೂದಲಿನಂಥ ಎಳೆಗಳನ್ನು ನಾಲ್ಕೋ ಎಂಟೋ ಕಟ್ಟು ಮಾಡಿ ಹೆಣೆದಿರುತ್ತಾರೆ. ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೀರಿನ ಮೇಲೆ ತೇಲುತ್ತದೆ, ಹಾಗಾಗಿ ಮೀನಿಗೆ ಆಸೆ ತೋರಿಸಲು ರಬ್ಬರ್ ಕಪ್ಪೆ ಬಿಟ್ಟು ಆಡಿಸುವವರಿಗೆ ತುಂಬ ಅನುಕೂಲ. ಎಲೆ, ದಂಟು ಅಡ್ಡ ಬಂದರೆ ಗರಗಸದ ಹಾಗೆ ಕೊಯ್ದುಕೊಂಡು ಬರುತ್ತದೆ. 50 ಪೌಂಡಿನ ಬ್ರೇಡ್ ಸುಮಾರು 12 ಪೌಂಡಿನ ನೈಲಾನಿನಷ್ಟೇ ದಪ್ಪ ಇರುತ್ತದೆ. ಕೊರಮೀನಿಗೆ ನಾನು ಕೊಡುವುದು 50 ಪೌಂಡಿನದೇ. ಮೀನು ಅಷ್ಟು ತೂಗುತ್ತದೆ ಅಂತಲ್ಲ. ಮೀನಿನ ಜೊತೆ ಮೂರು ಕೆಜಿ ಸೊಪ್ಪೂ ಎಳೆಯಬೇಕಾಗುತ್ತದೆ, ಅದಕ್ಕೆ.

ಇಷ್ಟು ತಿಳಿದುಕೊಂಡು ಎರಡನೇ ತಪ್ಪು ಮಾಡಿದೆ. ಮೇಷ್ಟ್ರಿಗೆ ಬ್ರೇಡ್ ಕೊಟ್ಟೆ, ಅವರ ಕೆರೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಅದೇ ಧೈರ್ಯದಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೊರಟ ಹುಡುಗರಿಗೂ ಅದನ್ನೇ ಕೊಟ್ಟು ಕಳಿಸಿದೆ. ಶಿಂಷಾ ನದಿಗೆ ಕಟ್ಟಿದ ಜಲಾಶಯ ಅದು, ತಾನಾಗಿಯೇ ನೀರು ಬಿಡುವ ಸೈಫನ್‌ಗೆ ಹೆಸರಾದದ್ದು. (ಸೈಫನ್ ಯಾವಾಗ ಶುರುವಾಗುತ್ತದೆ ಅಂತ ಹೇಳಲಾಗದು. ಅದರ ಕೆಳಗಡೆ ಹರಿವಿನಲ್ಲಿ ದಯವಿಟ್ಟು ಇಳಿಯಬೇಡಿ.) ಹುಡುಗರಿಗೆ ಬೇಕಿದ್ದದ್ದು ಬಾಳೆ ಮೀನು. ಸಿಕ್ಕಿತು ಕೂಡ. ದಡದ ಕಲ್ಲಿನ ಹತ್ತಿರ ಎಳೆದು ತರುವಾಗ ಬ್ರೇಡ್ ಕಲ್ಲಿನ ಅಂಚಿಗೆ ತಾಗಿ ಟಪ್ ಅಂತ ಹೋಯಿತು.

ಬ್ರೇಡಿನ ಒಂದೊಂದು ಎಳೆಯೂ ಬಹಳ ಸಣ್ಣ. ಬಿಗಿಯಾಗಿ ಎಳೆದು ನಿಂತಿರುವಾಗ ಕಲ್ಲು ತಾಗಿದರೆ ಒಂದರ ಹಿಂದೆ ಒಂದು ಹರಿದುಬಿಡುತ್ತವೆ. ಗಟ್ಟಿಯಾಗಿ ಒಂದೇ ಎಳೆಯಾಗಿರುವ ದಪ್ಪ ನೈಲಾನ್ ಅಲ್ಲಿ ತಾಳಿಕೊಳ್ಳುತ್ತದೆ. ಬಾಳೆ ಮೀನಿನ ಬಾಯಲ್ಲೋ ಸಣ್ಣ ಸಣ್ಣ ಹಲ್ಲು, ಅರದ ಹಾಗೆ. ಅದಕ್ಕೇ ಈಗ ಬ್ರೇಡ್ ತುದಿಗೆ ಒಂದು ಮಾರು 60 ಪೌಂಡಿನ ನೈಲಾನ್ ಕಟ್ಟಿಸಿ ಕಳಿಸುತ್ತೇನೆ. ಲೀಡರ್ ಅನ್ನುತ್ತಾರೆ. ಪ್ರತಿ ಮೀನಿನ ನಂತರ ಅದರ ಮೇಲೆ ಉಗುರು ಎಳೆದು ನೋಡಬೇಕು. ಒರಟು ಸಿಕ್ಕರೆ ಅಷ್ಟು ಕತ್ತರಿಸಿ ಮತ್ತೆ ಗಂಟು ಹಾಕಬೇಕು.

ಕೆಲವರು ವಿಡಿಯೋ ನೋಡಿ ಬಂದು ತಂತಿ ಲೀಡರ್ ಕೇಳುತ್ತಾರೆ. ಅದು ಯುರೋಪ್, ಅಮೆರಿಕದ ಕಡೆ ಪೈಕ್, ಮಸ್ಕಿ ಅನ್ನುವ ಮೀನುಗಳಿಗೆ ಬೇಕಾದದ್ದು. ಅವುಗಳ ಹಲ್ಲು ಚಾಕು ಇದ್ದ ಹಾಗೆ, ದಾರವನ್ನು ಒಂದೇ ಸಲಕ್ಕೆ ಕೊಯ್ಯುತ್ತವೆ. ನಮ್ಮ ಕೊರಮೀನಿಗೆ ತಂತಿ ಬೇಡ. ಹಾಗೇ ಫ್ಲೂರೋಕಾರ್ಬನ್ ಅನ್ನುವ ಇನ್ನೊಂದು ಬಗೆಯ ದಾರ. ನೀರಿನಲ್ಲಿ ಕಾಣಿಸುವುದಿಲ್ಲ ಅಂತ ದುಬಾರಿ ಬೆಲೆ. ತಿಳಿ ನೀರಿನಲ್ಲಿ ನೈಲಾನಿಗಿಂತ ಕಮ್ಮಿ ಕಾಣುತ್ತದೆ, ನಿಜ. ನಮ್ಮ ಕೆಂಪು ಮಣ್ಣಿನ ನೀರಿನಲ್ಲಿ ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ ಅನ್ನುತ್ತೇನೆ.

ಮಾರ್ಕೋನಹಳ್ಳಿಯ ಹುಡುಗರು ವಾಪಸ್ ಬಂದ ಮೇಲೆ ಪ್ಯಾಕೆಟ್ ಓದಿ ಹೇಳುವುದನ್ನು ಬಿಟ್ಟೆ. ಅಂಗಡಿ ಹಿಂದೆ ತೊಲೆಗೆ ಒಂದು ಕೊಕ್ಕೆ, ಅದರಲ್ಲಿ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ, ಕೆಳಗೆ ಬಕೆಟ್. ಹೊಸ ಲಾಟ್ ಬಂದರೆ ಎರಡು ಮೀಟರ್ ದಾರ ಒಂದು ಗಂಟೆ ನೀರಿನಲ್ಲಿ ನೆನೆಸುತ್ತೇನೆ. ಒಂದು ತುದಿ ತಕ್ಕಡಿಗೆ, ಇನ್ನೊಂದು ತುದಿ ಬಕೆಟ್‌ಗೆ, ಎರಡೂ ಕಡೆ ನಾವು ಗಾಳಕ್ಕೆ ಹಾಕುವಂಥದೇ ಗಂಟು. ಆಮೇಲೆ ಚೊಂಬಿನಲ್ಲಿ ನೀರು ಹಾಕುತ್ತಾ ಹೋಗುವುದು. ನೀರು ಸಾಲದಿದ್ದರೆ ಕಲ್ಲು. ಒಂದು ಸಲ 50 ಪೌಂಡ್ ಅಂತ ಬರೆದಿದ್ದ ಬ್ರೇಡ್ ಒಂಬತ್ತು ಕೆಜಿಗೆ ಹೋಯಿತು. 50 ಪೌಂಡ್ ಅಂದರೆ ಇಪ್ಪತ್ತೆರಡೂವರೆ ಕೆಜಿಗಿಂತ ಜಾಸ್ತಿ, ಗಂಟಿನಲ್ಲಿ ಸ್ವಲ್ಪ ಕಳೆದರೂ ಒಂಬತ್ತಕ್ಕೆ ಇಳಿಯಬಾರದು. ಗಂಟು ಸರಿ ಇರಲಿಲ್ಲವೇನೋ ಅಂತ ನಾಲ್ಕು ಸಲ ಕಟ್ಟಿದೆ, ನಾಲ್ಕು ಸಲವೂ ಅಷ್ಟಕ್ಕೇ. ಯಜಮಾನರನ್ನು ಕರೆದು ಅವರ ಕಣ್ಣೆದುರೇ ಐದನೇ ಸಲ ಮಾಡಿ ತೋರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಇಡೀ ಡಬ್ಬ ವಾಪಸ್ ಕಳಿಸಿದರು. ನಷ್ಟ ಆಯಿತು. ಆದರೂ ಆವತ್ತು ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆ ಬಕೆಟ್‌ನಿಂದಲೇ ಗಂಟಿನ ಬೆಲೆಯೂ ತಿಳಿದದ್ದು. ನೈಲಾನಿಗೆ ಹಾಕುವ ಮಾಮೂಲಿ ಸುತ್ತು ಗಂಟು ಬ್ರೇಡಿನಲ್ಲಿ ಜಾರುತ್ತದೆ, ಅದು ಅಷ್ಟು ನುಣುಪು. ದಾರವನ್ನು ಮಡಚಿ ಜೋಡಿ ಮಾಡಿ, ಗಾಳದ ಕಣ್ಣಿಗೆ ತೂರಿಸಿ, ಸಡಿಲವಾಗಿ ಒಂದು ಗಂಟು ಹಾಕಿ, ಆ ಕುಣಿಕೆಯಲ್ಲಿ ಗಾಳವನ್ನು ದಾಟಿಸಿ ಎಳೆಯಬೇಕು. ಪಲೋಮರ್ ಗಂಟು ಅಂತಾರೆ. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ದಾರ ತಿಕ್ಕಾಡಿ ಬಿಸಿಯಾದರೆ ಅಲ್ಲೇ ಸೋಲುತ್ತದೆ. ಇದನ್ನು ಕೌಂಟರ್ ಮೇಲೆಯೇ ಕಟ್ಟಿಸಿ ಕಲಿಸುತ್ತೇನೆ, ಹಿಂದೆ ಜನ ಕಾಯುತ್ತಿದ್ದರೂ ಸರಿ.

ಬ್ರೇಡ್ ಹಿಗ್ಗುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಮೀನಿನ ಜಗ್ಗಾಟವೆಲ್ಲ ನೇರ ರಾಡಿಗೂ ಗಾಳಕ್ಕೂ ಬರುತ್ತದೆ. ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕು) ಪೂರ್ತಿ ಬಿಗಿದು ಗಾಳ ನೆಟ್ಟಗೆ ಮಾಡಿಕೊಂಡು ಬಂದವರಿದ್ದಾರೆ, ರಾಡ್ ಮುರಿದುಕೊಂಡವರೂ ಇದ್ದಾರೆ. ದಾರದ ಬಲದ ಕಾಲು ಭಾಗಕ್ಕೆ, ಅಂದರೆ 50 ಪೌಂಡಿಗೆ ಐದು ಆರು ಕೆಜಿಗೆ, ಅದೇ ತಕ್ಕಡಿಯಲ್ಲಿ ಎಳೆದು ಡ್ರ್ಯಾಗ್ ಕೂರಿಸಿ ಕೊಡುತ್ತೇನೆ. ರೀಲಿಗೆ ಮೊದಲು ಹತ್ತು ಸುತ್ತು ನೈಲಾನ್ ಹಾಕಿ ಅದರ ಮೇಲೆ ಬ್ರೇಡ್ ಸುತ್ತಬೇಕು, ಇಲ್ಲದಿದ್ದರೆ ಬ್ರೇಡ್ ಪೂರ್ತಿ ಸ್ಪೂಲ್ ಮೇಲೆಯೇ ಜಾರಿ ತಿರುಗುತ್ತದೆ.

ಮೊದಲು ನೈಲಾನ್ ಉಂಡೆಗಳನ್ನು ಚೆಂದ ಕಾಣಲಿ ಅಂತ ಮುಂದಿನ ಗಾಜಿನ ಹತ್ತಿರ ಜೋಡಿಸುತ್ತಿದ್ದೆ. ಬಿಸಿಲಿಗೆ ನೈಲಾನ್ ಸಾಯುತ್ತದೆ. ಈಗ ಖಾಲಿ ಡಬ್ಬ ಮಾತ್ರ ಮುಂದೆ, ದಾರವೆಲ್ಲ ಒಳಗಿನ ಬೀರುವಿನಲ್ಲಿ.

ಹೋದ ಭಾನುವಾರ ಮೇಷ್ಟ್ರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಏನೋ ಕುದಿಯುತ್ತಿರುವ ಹಾಗಿತ್ತು. ಕೊರಮೀನಿನ ಮರಿಗಳ ಗುಂಪು. ಅದರ ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ, ಹತ್ತಿರ ಏನು ಬಂದರೂ ಎರಗುತ್ತವೆ. "ಅಂಕಲ್, ಇದಕ್ಕೆ ಯಾವ ದಾರ?" ಅಂತ ಕೇಳಿದ. "ಇದಕ್ಕೆ ಯಾವ ದಾರವೂ ಇಲ್ಲ ಮರಿ, ಇವು ದೊಡ್ಡವಾಗಲಿ" ಅಂದೆ. ಮೇಷ್ಟ್ರು ತಲೆಯಾಡಿಸಿದರು. ಹುಡುಗನನ್ನು ಕೌಂಟರ್ ಒಳಗೆ ಕರೆದು ಸ್ಟೂಲ್ ಮೇಲೆ ಕೂರಿಸಿ, ಒಂದು ತುಂಡು ಬ್ರೇಡ್ ಕೈಗೆ ಕೊಟ್ಟೆ. ಮೂರನೇ ಸಲಕ್ಕೆ ಗಂಟು ಸರಿಯಾಗಿ ಬಂತು. ಬಕೆಟ್‌ಗೆ ಕಟ್ಟಿ ತೂಗಿದೆವು. ಹದಿನಾರು ಕೆಜಿವರೆಗೆ ನಿಂತಿತು.